ಬೋರಿಕ್ ಕಡಿಮೆ ಮಾಡಿದ ಮೇಲೆ ಜಿರಳೆ ಕಡಿಮೆಯಾದವು

ಮಿಕ್ಸಿ ಎತ್ತಿದರೆ ಅಡಿಯಿಂದ ನಾಲ್ಕು ಓಡುತ್ತವೆ, ರಾತ್ರಿ ಲೈಟ್ ಹಾಕಿದರೆ ಅಡುಗೆಕಟ್ಟೆ ತುಂಬ ಚೆಲ್ಲಾಪಿಲ್ಲಿ. ಒಂದೂವರೆ ಸೆಂಟಿಮೀಟರ್ ದಾಟದ, ಬೆನ್ನ ಮೇಲೆ ತಲೆಯ ಹಿಂದೆಯೇ ಎರಡು ಕಪ್ಪು ಗೆರೆ ಇರುವ ಸಣ್ಣ ಕಂದು ಜಿರಳೆಯ ಮಾತಿದು. ಮೋರಿಯಿಂದ ಬರುವ ದೊಡ್ಡ ಕೆಂಪು ಜಿರಳೆಗೆ ಒಳ್ಳೆ ಜಾಲರಿ ಹಾಕಿ, ಅರ್ಧ ಕೆಲಸ ಮುಗಿಯಿತು.

ಬೋರಿಕ್ ಪುಡಿಯಿಂದ, ಅಂದರೆ ಬೋರಿಕ್ ಆಸಿಡ್‌ನಿಂದ, ಜಿರಳೆಗೆ ಏನೂ ಆಗಲ್ಲ ಅಂದವರೇ ಹೆಚ್ಚು. ಮೊದಲೆರಡು ಸಲ ಅವರ ಮಾತೇ ಗೆದ್ದಿತು. ಎಲ್ಲರ ಹಾಗೆ ಬೋರಿಕ್, ಸಕ್ಕರೆ, ಮೈದಾ ಸಮಸಮ ಕಲಸಿ ಉಂಡೆ ಇಟ್ಟೆ. ಎರಡು ವಾರವಾದರೂ ಒಂದೂ ಮುಟ್ಟಲಿಲ್ಲ. ವಿಷ ಜಾಸ್ತಿಯಾದರೆ ಅವು ತಿನ್ನುವುದೇ ಇಲ್ಲ. ಆಮೇಲೆ ಬರೀ ಪುಡಿಯನ್ನು ಮೂಲೆಗಳಲ್ಲಿ ಗುಡ್ಡೆ ಹಾಕಿದೆ. ಗುಡ್ಡೆ ಬಳಸಿಕೊಂಡು ಹೋದವು, ಮಳೆಗಾಲದ ತೇವಕ್ಕೆ ಪುಡಿ ಹೆಪ್ಪುಗಟ್ಟಿತು. ಪುಡಿಯೇ ಹಾಕುವುದಾದರೆ ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಾಗಿ ಉದುರಬೇಕು, ಜಾಗ ಒಣಗಿರಬೇಕು. ನಡುವೆ ಸ್ಪ್ರೇ ಡಬ್ಬಿಗಳಿಗೆ ಐನೂರರ ಹತ್ತಿರ, ಒಂದು ಸಲದ ಪೆಸ್ಟ್ ಕಂಟ್ರೋಲ್‌ಗೆ ಸಾವಿರದ ಮೇಲೆ ಹೋಯಿತು. ಸ್ಪ್ರೇಯಿಂದ ಆದದ್ದು ಇಷ್ಟೇ: ಅಡುಗೆಮನೆಯವು ಹಾಲ್‌ನ ಟಿವಿ ಹಿಂದೆ ಬಿಡಾರ ಬದಲಿಸಿದವು.

ಗೆದ್ದದ್ದು ನೀರು ಮದ್ದು. ನೂರು ಎಂಎಲ್ ಬಿಸಿನೀರಿಗೆ ಬೋರಿಕ್ ಎರಡು ಗ್ರಾಂ ಆಸುಪಾಸು, ಅಂದರೆ ತಲೆತಟ್ಟಿ ಅರ್ಧ ಟೀಚಮಚ. ಸಕ್ಕರೆ ನಾಲ್ಕು ಚಮಚ. ಪೂರ್ತಿ ಕರಗಿ ಆರಿದ ಮೇಲೆ ಬಾಟಲಿ ಮುಚ್ಚಳದಲ್ಲಿ ಹತ್ತಿ ಇಟ್ಟು, ಹತ್ತಿ ನೆನೆಯುವಷ್ಟು ಹಾಕಿ. ಒಟ್ಟು ಎಂಟು ಹತ್ತು ಮುಚ್ಚಳ: ಫ್ರಿಜ್ ಕಂಪ್ರೆಸರ್ ಪಕ್ಕ, ಒಲೆಯಡಿ, ಸಿಂಕ್ ಕೆಳಗಿನ ಪೈಪ್ ಹತ್ತಿರ, ಸಿಲಿಂಡರ್ ಹಿಂದೆ. ಬೀರು ಬಾಗಿಲ ಕೀಲಿನಲ್ಲಿ ಮುಚ್ಚಳ ನಿಲ್ಲದು; ಅಲ್ಲಿಗೆ ಅದೇ ನೀರಲ್ಲಿ ಹುರಿಗಡಲೆ ಹಿಟ್ಟು ಕಲಸಿ ತೊಗರಿಬೇಳೆ ಗಾತ್ರದ ಚುಕ್ಕೆ. ಹಿಟ್ಟಿಗೆ ಇನ್ನೊಂದು ವಸ್ತು ಸೇರಿಸುತ್ತೇನೆ. ಅದು ನನ್ನ ಹತ್ತಿರವೇ ಇರಲಿ.

ನಾಲ್ಕೈದು ದಿನಕ್ಕೆ ಹತ್ತಿ ಒಣಗುತ್ತದೆ ಅಥವಾ ಹುಳಿವಾಸನೆ ಬರುತ್ತದೆ, ಬದಲಿಸಿ. ಬೆಲ್ಲ ಹಾಕಿ ನೋಡಿದೆ, ಇರುವೆ ಮೆರವಣಿಗೆ. ಗ್ಲೂಕೋಸ್ ಪುಡಿ ಬೇಡ. ಗ್ಲೂಕೋಸ್ ಕಂಡರೆ ದೂರ ಹೋಗುವ ಈ ಜಾತಿಯ ಜಿರಳೆಗಳ ವರದಿ ಅಮೆರಿಕದಿಂದ 1993ರಲ್ಲೇ ಬಂದಿದೆ. ಬಿಳಿಗಾರ ಮತ್ತು ಬೋರಿಕ್ ಒಂದೇ ಅಲ್ಲ, ಗ್ರಂಧಿಗೆ ಅಂಗಡಿಯಲ್ಲಿ ಹೆಸರು ಹೇಳಿ ಕೇಳಿ. ಕೇರಂ ಪೌಡರ್ ಕೂಡ ಬಹಳ ಸಲ ಬೋರಿಕ್ಕೇ, ಆದರೆ ಪೊಟ್ಟಣ ಓದಿ ತನ್ನಿ. ಲವಂಗ, ಪಲಾವ್ ಎಲೆ ಡ್ರಾಯರ್‌ನಲ್ಲಿಟ್ಟೂ ನೋಡಿದ್ದಾಯಿತು. ಪಲಾವ್ ಎಲೆಯ ಮೇಲೇ ಒಂದು ಮರಿ ಕೂತಿತ್ತು.

ಮದ್ದಿಗಿಂತ ದೊಡ್ಡದು ಹಸಿವು. ರಾತ್ರಿ ಪಾತ್ರೆ ಸಿಂಕ್‌ನಲ್ಲಿ ನೆನೆಹಾಕಿದರೆ ಮುಚ್ಚಳದ ಕಡೆ ಯಾಕೆ ಬರುತ್ತವೆ? ಸಿಂಕ್ ಒರೆಸಿ, ಬರ್ನರ್ ಕೆಳಗಿನ ಜಿಡ್ಡು ತೆಗೆಯಿರಿ, ಸ್ಪಂಜ್ ಹಿಂಡಿಡಿ. ಮದ್ದಿನ ಹತ್ತಿರ ಸ್ಪ್ರೇ, ಫಿನಾಯಿಲ್ ಸೋಕಿಸಬೇಡಿ.

ಐದನೇ ದಿನದಿಂದ ಸತ್ತವು ಸಿಗತೊಡಗಿದವು, ಎರಡನೇ ವಾರ ಮೊರದಲ್ಲಿ ಗುಡಿಸುವಷ್ಟು. ಅಂಟು ಕಾರ್ಡಿನಲ್ಲಿ ವಾರಕ್ಕೆ ಐವತ್ತರವತ್ತು ಬೀಳುತ್ತಿದ್ದದ್ದು ಆರನೇ ವಾರಕ್ಕೆ ಎರಡೋ ಮೂರೋ. ಮಧ್ಯೆ ನಿಲ್ಲಿಸಿದರೆ ಕೆಟ್ಟಿತು: ಹೆಣ್ಣು ಮೂವತ್ತು ನಲವತ್ತು ಮೊಟ್ಟೆಯ ಚೀಲವನ್ನು ಮರಿ ಹೊರಬರುವ ತನಕ ಬಾಲದಲ್ಲೇ ಹೊತ್ತಿರುತ್ತದೆ, ಮೂರು ನಾಲ್ಕನೇ ವಾರಕ್ಕೆ ಹೊಸ ಪಡೆ ಏಳುತ್ತದೆ. ಆಗ ಹೊಸ ಮದ್ದು ಸಿದ್ಧವಿರಲಿ. ಒಟ್ಟು ಖರ್ಚು ನೂರೈವತ್ತು ದಾಟಲಿಲ್ಲ.

ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಮುಚ್ಚಳ ಅವರ ಕೈಗೆ, ಬಾಯಿಗೆ ಎಟುಕದ ಕಡೆ ಮಾತ್ರ. ಕಲಸಿದ ಚಮಚ ಅಡುಗೆಗೆ ವಾಪಸ್ ಹೋಗಬಾರದು, ಉಳಿದ ನೀರಿನ ಬಾಟಲಿ ಮೇಲೆ ಕೆಂಪು ಶಾಯಿಯಲ್ಲಿ ವಿಷ ಅಂತ ಬರೆದಿಡಿ. ನೋಡಲು ಅದು ಬರೀ ನೀರೇ.