ಕಾರ್ತಿಕದ ಕುಚ್ಚು: ಮೀನಿನ ಉಸಿರು ನೋಡಿ ಗಾಳ ಹಾಕಿದ ಅನುಭವ

ದೀಪಾವಳಿ ಕಳೆದು ಒಂದು ವಾರಕ್ಕೋ ಹತ್ತು ದಿನಕ್ಕೋ ನಮ್ಮೂರ ಕೆರೆಯ ಕೋಡಿ ನಿಲ್ಲುತ್ತದೆ. ಮಳೆಗಾಲ ಪೂರ್ತಿ ಹಗಲೂ ರಾತ್ರಿ ಕಿವಿಗೆ ಬೀಳುತ್ತಿದ್ದ ನೀರಿನ ಸದ್ದು ಒಂದು ಬೆಳಗ್ಗೆ ಇರುವುದಿಲ್ಲ. ಅವತ್ತೇ ನಾನು ಹಲಸಿನ ಮರದ ಬುಡದಲ್ಲಿ ಬೋರಲು ಹಾಕಿಟ್ಟ, ದುಂಡು ಬುಟ್ಟಿಯಂಥ ತೆಪ್ಪವನ್ನು ಎತ್ತಿ ನೋಡುತ್ತೇನೆ. ಎಲ್ಲಿ ಟಾರು ಬಿಟ್ಟಿದೆ, ಯಾವ ಬಿದಿರು ಗೆದ್ದಲು ಹಿಡಿದಿದೆ ಅಂತ ಬೆರಳಲ್ಲಿ ಒತ್ತಿ ಒತ್ತಿ ಹುಡುಕುತ್ತೇನೆ. ನನ್ನ ಮೀನಿನ ಕಾಲ ಶುರುವಾಗುವುದು ಹೀಗೆ.

ಸಾಗರ ಮತ್ತು ಸೊರಬದ ನಡುವಿನ ಊರು ನಮ್ಮದು. ಈ ಸೀಮೆಯಲ್ಲಿ ಊರಿಗೊಂದು ಕೆರೆ ಇದ್ದೇ ಇರುತ್ತದೆ, ಕೆಲವು ಊರಿಗೆ ಎರಡು ಮೂರು. ನಮ್ಮ ಕೆರೆಗೆ ಒಂದು ಬದಿ ಕಲ್ಲು ಕಟ್ಟಿದ ಏರಿ, ಎದುರು ಬದಿ ಕಾಡು. ಕಾಡಿನ ಬದಿಯ ನೀರು ಸೊಂಟದ ಮಟ್ಟಕ್ಕಿಂತ ಜಾಸ್ತಿ ಇಲ್ಲ. ಅಲ್ಲಿ ಪೂರ್ತಿ ಜೊಂಡು, ತಾವರೆ, ನೈದಿಲೆ. ಕುಚ್ಚು ಮೀನು ಇರುವುದು ಅಲ್ಲೇ. ಕೊರವ ಅನ್ನುವವರಿದ್ದಾರೆ, ಮುರ್ಲು ಅನ್ನುವವರಿದ್ದಾರೆ, ಪೇಟೆ ಮಾರ್ಕೆಟ್ಟಿನಲ್ಲಿ ಮರಲ್ ಅಂದರೆ ಗೊತ್ತಾಗುತ್ತದೆ. ಹಾವಿನ ತಲೆಯಂಥ ಚಪ್ಪಟೆ ತಲೆ, ಉದ್ದ ಮೈ, ಬಾಯಿ ತುಂಬ ಸಣ್ಣ ಹಲ್ಲು. ಮುಳ್ಳು ಕಡಿಮೆ, ರುಚಿ ಜಾಸ್ತಿ.

‘ಚಳಿ ಬಿದ್ದ ಮೇಲೆ ಕುಚ್ಚು ಕಚ್ಚಲ್ಲ’ ಅನ್ನುವುದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಏರಿ ಮೇಲೆ ಕೂತು ಗಾಳ ಹಾಕುವವರಿಗೆ ಅದು ನಿಜವೇ. ಬೇಸಿಗೆಯಲ್ಲಿ ಕುಚ್ಚು ಊಟ ಹುಡುಕಿಕೊಂಡು ಅಲೆಯುತ್ತದೆ, ಏರಿಯ ಕಲ್ಲಿನ ಸಂದಿಗೂ ಬರುತ್ತದೆ. ಚಳಿಗೆ ಅದು ಅಲೆಯುವುದನ್ನು ಬಿಡುತ್ತದೆ. ತಾನಿದ್ದ ಜಾಗದಲ್ಲೇ ಇದ್ದು, ಬಾಯಿಯ ಹತ್ತಿರ ಬಂದದ್ದನ್ನು ಮಾತ್ರ ಹಿಡಿಯುತ್ತದೆ. ಹಾಗಾದರೆ ನಾವೇ ಅದರ ಬಾಯಿಯ ಹತ್ತಿರ ಹೋಗಬೇಕು ಅಲ್ವಾ? ಅದಕ್ಕೆ ತೆಪ್ಪ ಬೇಕು. ಮತ್ತೆ ಅದು ಎಲ್ಲಿದೆ ಅಂತ ಗೊತ್ತಾಗಬೇಕು. ಅದನ್ನು ಮೀನೇ ಹೇಳುತ್ತದೆ, ಕೂತು ನೋಡುವ ತಾಳ್ಮೆ ನಮಗಿರಬೇಕು ಅಷ್ಟೇ.

ಇದನ್ನು ನನಗೆ ಹೇಳಿಕೊಟ್ಟದ್ದು ಪಕ್ಕದೂರಿನ ಅಂಬಿಗರ ಮನೆಯ ಅಜ್ಜ. ಮೊದಲ ಸಲ ಅವರ ತೆಪ್ಪದಲ್ಲಿ ಹೋದಾಗ ನಾನು ಗಾಳ ಬಿಚ್ಚುವುದಕ್ಕೆ ಹೋದೆ. ಅಜ್ಜ ನನ್ನ ಕೈ ಹಿಡಿದುಕೊಂಡರು. ‘ತಡಿ ತಮ್ಮಾ, ಮೊದಲು ಅದು ಉಸಿರಾಡ್ಲಿ’ ಅಂದರು. ಅವತ್ತು ಒಂದೂವರೆ ಗಂಟೆ ನಾವಿಬ್ಬರೂ ಸುಮ್ನೆ ನೀರು ನೋಡಿದೆವು.

ಕುಚ್ಚಿಗೆ ಕಿವಿರು ಇದೆ, ಆದರೆ ಅದೊಂದೇ ಸಾಲುವುದಿಲ್ಲ. ತಲೆಯೊಳಗೆ, ಕಿವಿರಿನ ಮೇಲ್ಗಡೆ, ಗಾಳಿ ತುಂಬಿಕೊಳ್ಳುವ ಗೂಡು ಒಂದಿದೆ. ಆಗಾಗ ಮೇಲೆ ಬಂದು ಬಾಯಿ ತುಂಬ ಗಾಳಿ ನುಂಗಿಕೊಂಡು ಹೋಗಲೇಬೇಕು. ಮೇಲೆ ಬರಲು ಬಿಡದಿದ್ದರೆ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. ಒದ್ದೆ ಗೋಣಿಯಲ್ಲಿ ಸುತ್ತಿ ಮನೆಗೆ ತಂದ ಕುಚ್ಚು ಗಂಟೆಗಟ್ಟಲೆ ಜೀವ ಹಿಡಿದುಕೊಂಡಿರುವುದು, ಬೇಸಿಗೆಯಲ್ಲಿ ಕೆರೆಯ ತಳದ ಕೆಸರಲ್ಲಿ ಹುದುಗಿ ಉಳಿಯುವುದು ಇದೇ ಗೂಡಿನಿಂದ. ನನಗೆ ಅದರ ಗುಟ್ಟು ಸಿಗುವುದೂ ಇದರಿಂದಲೇ.

ಉಸಿರಿಗೆ ಬರುವುದರಲ್ಲೂ ಒಂದೊಂದರದು ಒಂದೊಂದು ರೀತಿ. ಗೇಣುದ್ದದ ಮರಿ ಗಡಿಬಿಡಿಯಲ್ಲಿ ಬಂದು ‘ಟುಪ್’ ಅಂತ ನೀರು ಒಡೆದು ಓಡುತ್ತದೆ. ದೊಡ್ಡದಕ್ಕೆ ಅವಸರವಿಲ್ಲ. ಮೊದಲು ಒಂದು ತಾವರೆ ಎಲೆಯ ಅಂಚು ಸ್ವಲ್ಪ ಎತ್ತಿಕೊಳ್ಳುತ್ತದೆ. ಆಮೇಲೆ ಮೂತಿಯ ತುದಿ ಮಾತ್ರ, ನೆನೆದ ಕಡ್ಡಿಯ ತುಂಡಿನ ಹಾಗೆ. ‘ಗುಳುಕ್’ ಅಂತ ತಗ್ಗಿದ ಸದ್ದು. ನೀರು ಮುಚ್ಚಿಕೊಳ್ಳುತ್ತದೆ, ಉಂಗುರ ನಿಧಾನವಾಗಿ ಅಗಲವಾಗುತ್ತದೆ. ಅದರ ಹಿಂದೆಯೇ ಮೂರೋ ನಾಲ್ಕೋ ಗುಳ್ಳೆ ಒಂದೇ ಸಾಲಿನಲ್ಲಿ ಮೇಲೆ ಬರುತ್ತವೆ. ನಾನು ಉಂಗುರಕ್ಕಿಂತ ಗುಳ್ಳೆಯ ಸಾಲನ್ನು ಜಾಸ್ತಿ ನೋಡುತ್ತೇನೆ. ಸಾಲು ಯಾವ ಕಡೆ ಹೋಗಿದೆಯೋ ಮೀನಿನ ತಲೆಯೂ ಆ ಕಡೆ.

ಆಮೇಲೆ ಕೈಗಡಿಯಾರ. ಒಂದು ಉಸಿರಿನಿಂದ ಇನ್ನೊಂದಕ್ಕೆ ಎಷ್ಟು ಹೊತ್ತು ಅಂತ ಬರೆದಿಡುತ್ತೇನೆ. ಬಿಸಿಲುಗಾಲದಲ್ಲಿ ನಮ್ಮ ಕೆರೆಯ ದೊಡ್ಡ ಕುಚ್ಚು 4-5 ನಿಮಿಷಕ್ಕೊಮ್ಮೆ ಬಂದದ್ದು ನೋಡಿದ್ದೇನೆ. ಕಾರ್ತಿಕದಲ್ಲಿ ಅದೇ 8-10 ನಿಮಿಷ, ಮಂಜು ಗಟ್ಟಿಯಾಗಿದ್ದ ದಿನ ಇನ್ನೂ ನಿಧಾನ. ನೀರು ತಣ್ಣಗಿದ್ದರೆ ಅದರ ಮೈಯೂ ನಿಧಾನ, ನೀರಿನಲ್ಲಿ ಪ್ರಾಣವಾಯುವೂ ಜಾಸ್ತಿ ಇರುತ್ತದೆ. ಅದಕ್ಕೇ ಬೆಳಗಿನ ಜಾವವೇ ನೀರಿಗಿಳಿದು ನಡುಗುವುದರಲ್ಲಿ ಅರ್ಥವಿಲ್ಲ. ಮಂಜು ಎದ್ದು, ಜೊಂಡಿನ ಬುಡಕ್ಕೆ ಬಿಸಿಲು ಬೀಳಬೇಕು. ನನ್ನ ಹೊತ್ತು 9.30ರಿಂದ 12ರವರೆಗೆ. ಸಂಜೆ ಮತ್ತೆ 3ರಿಂದ ಬಿಸಿಲು ಇಳಿಯುವ ತನಕ. ಅಡಿಕೆ ಕೊಯ್ಲು ಶುರುವಾದ ಮೇಲೆ ಸಂಜೆ ಹೊತ್ತು ನನಗೆ ಸಿಗುವುದಿಲ್ಲ, ಬೆಳಗಿನದನ್ನು ಮಾತ್ರ ಬಿಡುವುದಿಲ್ಲ.

ತೆಪ್ಪದ ವಿಷಯ. ನನ್ನದು ಐದೂವರೆ ಅಡಿ ಅಗಲದ್ದು, ಬಿದಿರಿನ ಹೆಣಿಗೆ, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟಾರು. ಹಿಂದೆ ಚರ್ಮ ಹೊದಿಸುತ್ತಿದ್ದರು. ಹುಟ್ಟನ್ನು ಒಂದೇ ಬದಿಗೆ ಹಾಕಿದರೆ ತೆಪ್ಪ ಬುಗುರಿಯ ಹಾಗೆ ತಿರುಗುತ್ತದೆ. ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ಕೂತು, ಎದುರಿನ ನೀರನ್ನೇ ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ತನ್ನ ಕಡೆಗೆ ಎಳೆದುಕೊಳ್ಳಬೇಕು. ಇದು ಕೈಗೆ ಕೂರುವುದಕ್ಕೆ ನನಗೆ ಒಂದು ಇಡೀ ವರ್ಷ ಬೇಕಾಯಿತು. ತೆಪ್ಪದಲ್ಲಿ ಯಾವತ್ತೂ ಎದ್ದು ನಿಲ್ಲಬೇಡಿ.

ಸದ್ದು ಮಾಡದಿರುವುದು ಇದೆಲ್ಲಕ್ಕಿಂತ ದೊಡ್ಡದು. ತಳಕ್ಕೆ ಎರಡು ಗೋಣಿಚೀಲ ಮಡಚಿ ಹಾಸುತ್ತೇನೆ. ನೀರು ಮೊಗೆಯುವ ಡಬ್ಬಕ್ಕೆ ಹಳೇ ಬಟ್ಟೆ ಸುತ್ತಿರುತ್ತೇನೆ. ಹುಟ್ಟು ತೆಪ್ಪದ ಅಂಚಿಗೆ ಒಮ್ಮೆ ‘ಟಕ್’ ಅಂದರೂ ಸಾಕು, ಮುಂದಿನ ಅರ್ಧ ಗಂಟೆ ಆ ಜಾಗದ ಮೀನು ಮೇಲೆ ಬಂದರೂ ಎಲೆಯ ಅಡಿಯಲ್ಲೇ ಮೂತಿ ತೂರಿಸಿ ಉಸಿರು ತೆಗೆದುಕೊಳ್ಳುತ್ತದೆ, ನಮಗೆ ಏನೂ ಕಾಣಿಸುವುದಿಲ್ಲ. ನಾವು ಮಾತಾಡುವುದಕ್ಕಿಂತ ತಳಕ್ಕೆ ಕಾಲು ಕುಟ್ಟುವುದು ಅದಕ್ಕೆ ಬೇಗ ಗೊತ್ತಾಗುತ್ತದೆ.

ಗಾಳದ ಸಾಮಾನು ಹೆಚ್ಚೇನಿಲ್ಲ. 7 ಅಡಿಯ ಗಟ್ಟಿ ರಾಡು, ಸಾಧಾರಣ ರೀಲು, ಹೆಣೆದ ದಾರ. ತಾವರೆ ದಂಟಿಗೆ ಸಿಕ್ಕಿದಾಗ ಸಪೂರ ನೈಲಾನ್ ದಾರ ನಿಲ್ಲುವುದಿಲ್ಲ, ಅದಕ್ಕೆ ಹೆಣೆದದ್ದು. ತುದಿಗೆ ರಬ್ಬರ್ ಕಪ್ಪೆ, ಎರಡು ಕೊಕ್ಕೆ ಅದರ ಬೆನ್ನಿಗೆ ಅಂಟಿಕೊಂಡಿರುವಂಥದ್ದು. ಇದು ಎಲೆಗೆ ಸಿಕ್ಕಿಕೊಳ್ಳುವುದಿಲ್ಲ. ಜೀವಂತ ಕಪ್ಪೆ ಚುಚ್ಚಿ ಹಾಕುವವರು ಇದ್ದಾರೆ. ನಾನು ಹಾಕುವುದಿಲ್ಲ. ಗದ್ದೆಯಲ್ಲಿ ಕಪ್ಪೆ ಇರಬೇಕು, ಅದರ ಕೆಲಸ ಅಲ್ಲಿದೆ.

ಈಗ ಗಾಳ ಹಾಕುವುದು. ಉಂಗುರ ಎದ್ದ ಜಾಗಕ್ಕೇ ಎಸೆಯಬಾರದು. ಮೀನು ಹೋದ ದಿಕ್ಕಿಗೆ ಒಂದು ಮಾರು ಮುಂದೆ, ಒಂದು ಎಲೆಯ ಮೇಲೆ ಬೀಳಿಸಬೇಕು. ನೀರಿಗೆ ಬಿದ್ದರೆ ‘ದಬ್’ ಅನ್ನುತ್ತದೆ, ಎಲೆಯ ಮೇಲೆ ಬಿದ್ದರೆ ಅಷ್ಟು ಸದ್ದಿಲ್ಲ. ಅಲ್ಲೇ ಬಿಟ್ಟು ಹತ್ತು ಎಣಿಸುತ್ತೇನೆ. ಆಮೇಲೆ ದಾರವನ್ನು ಬೆರಳಲ್ಲಿ ಇಷ್ಟಿಷ್ಟೇ ಎಳೆದು, ಕಪ್ಪೆ ಎಲೆಯ ಅಂಚಿಂದ ತಾನಾಗಿ ನೀರಿಗೆ ಜಾರುವ ಹಾಗೆ ಮಾಡುತ್ತೇನೆ. ಜಾರಿದ ಮೇಲೆ ಮತ್ತೆ ನಿಲ್ಲಿಸುತ್ತೇನೆ. ಬೇಸಿಗೆಯಲ್ಲಾದರೆ ಸರಸರ ಎಳೆದರೂ ಕುಚ್ಚು ಅಟ್ಟಿಸಿಕೊಂಡು ಬರುತ್ತದೆ. ಕಾರ್ತಿಕದಲ್ಲಿ ಬರುವುದಿಲ್ಲ. ನಿಂತ ಕಪ್ಪೆಯನ್ನೇ ಅದು ನುಂಗುವುದು.

ನುಂಗಿದಾಗ ನೀರು ಸಿಡಿಯುತ್ತದೆ, ಎದೆ ಧಸಕ್ಕೆನ್ನುತ್ತದೆ. ಆ ಕ್ಷಣದಲ್ಲೇ ಎಳೆದರೆ ಕಪ್ಪೆ ಬರಿಗೈಯಲ್ಲಿ ವಾಪಸು ಬರುತ್ತದೆ. ಬಾಯೊಳಗೆ ತಿರುಗಿಸಿಕೊಂಡು ಬಾಯಿ ಮುಚ್ಚಲಿ ಅಂತ ಬಿಡಬೇಕು. ‘ಒಂದು… ಎರಡು…’ ಅಂತ ಬಾಯಲ್ಲೇ ಹೇಳಿಕೊಳ್ಳುತ್ತೇನೆ. ದಾರ ಪಕ್ಕಕ್ಕೆ ಸರಿಯಲು ಶುರುವಾದ ಮೇಲೆ ರಾಡು ಎತ್ತುತ್ತೇನೆ, ಜೋರಾಗಿ. ಅದರ ತಲೆ ಮೇಲೇ ಇರಬೇಕು. ತಲೆ ತಗ್ಗಿಸಲು ಬಿಟ್ಟರೆ ತಾವರೆ ದಂಟಿನ ಬುಡಕ್ಕೆ ನುಗ್ಗಿ ದಾರ ಸುತ್ತಿಹಾಕುತ್ತದೆ.

ಇಲ್ಲಿ ನಾನು ತುಂಬ ವರ್ಷ ಒಂದು ತಪ್ಪು ಮಾಡಿದೆ. ತೆಪ್ಪ ಅಲುಗಾಡಬಾರದು ಅಂತ ಎರಡು ಕಡೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸುತ್ತಿದ್ದೆ. ದೊಡ್ಡ ಮೀನು ಎಳೆದಾಗ ತೆಪ್ಪ ಜಾಗ ಬಿಟ್ಟು ಕದಲುವುದಿಲ್ಲ, ಎಲ್ಲ ಭಾರ ದಾರದ ಮೇಲೆ. ಮೂರು ಒಳ್ಳೆಯ ಮೀನು ಕಪ್ಪೆಯ ಸಮೇತ ಹೋದವು. ಬಾಯಲ್ಲಿ ಕೊಕ್ಕೆ ಇಟ್ಟುಕೊಂಡು ಹೋದ ಮೀನನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಈಗ ಒಂದೇ ಕಲ್ಲು. ಹಗ್ಗವನ್ನು ಅಂಚಿಗೆ ಜಾರುಗಂಟು ಹಾಕಿ, ಅದರ ಕೊನೆಗೆ ಖಾಲಿ ನೀರಿನ ಬಾಟಲಿ ಕಟ್ಟಿರುತ್ತೇನೆ. ಮೀನು ಕಚ್ಚಿದ ತಕ್ಷಣ ಎಡಗೈಯಲ್ಲಿ ಗಂಟು ಎಳೆದುಬಿಡುತ್ತೇನೆ. ಬಾಟಲಿ ತೇಲುತ್ತಾ ಇರುತ್ತದೆ, ಆಮೇಲೆ ಹೋಗಿ ಕಲ್ಲು ಎತ್ತಿಕೊಳ್ಳಬಹುದು. ಕಟ್ಟಿಲ್ಲದ ತೆಪ್ಪ ಮೀನಿನ ಕಡೆಗೇ ಜಾರಿಕೊಂಡು ಹೋಗುತ್ತದೆ. ದಾರ ತುಂಡಾಗುವುದಿಲ್ಲ, ಮೀನು ಬೇಗ ಸುಸ್ತಾಗುತ್ತದೆ, ನಾವೂ ಎಲೆಗಳ ಮೇಲೆ ಅದನ್ನು ಎಳೆದಾಡದೆ ನೇರ ಅದರ ತಲೆಯ ಮೇಲಕ್ಕೇ ಹೋಗುತ್ತೇವೆ. ಆಮೇಲೆ ಕೈಬಲೆ. ಹಲ್ಲಿನ ಬಾಯಿಗೆ ಬೆರಳು ಹಾಕಬೇಡಿ, ಒದ್ದೆ ಗೋಣಿಯಲ್ಲಿ ತಲೆಯ ಹಿಂದೆ ಹಿಡಿಯಿರಿ.

ಶರಾವತಿ ಹಿನ್ನೀರಿಗೂ ಒಮ್ಮೆ ಹೊಸನಗರದ ಕಡೆಯಿಂದ ತೆಪ್ಪ ಇಳಿಸಿದ್ದೆ. ಅಲ್ಲಿನ ಪಾಠವೇ ಬೇರೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ನೀರು ನಿಂತಾಗ ಊರು, ಗದ್ದೆ, ಕಾಡು ಎಲ್ಲ ಮುಳುಗಿತು. ಆಗಿನ ಮರದ ಬೊಡ್ಡೆಗಳು ಇವತ್ತಿಗೂ ನೀರೊಳಗೆ ನಿಂತಿವೆ. ನೀರು ಇಳಿಯುತ್ತಾ ಬಂದ ಹಾಗೆ ಅವು ಮೇಲಿನ ನೀರಿಗೆ ಗೇಣು ಅಡಿಯಲ್ಲಿ ಬಂದು ಕೂತಿರುತ್ತವೆ, ಕಣ್ಣಿಗೆ ಬೀಳುವುದಿಲ್ಲ. ಅವತ್ತು 11ರ ಹೊತ್ತಿಗೆ ಮೂಡಗಾಳಿ ಎದ್ದಿತು. ತೆಪ್ಪ ತಳ್ಳಿಸಿಕೊಂಡು ಹೋಗಿ ಒಂದು ಬೊಡ್ಡೆಗೆ ಕೂತಿತು, ಅಂಗೈ ಅಗಲ ಹರಿಯಿತು. ಗೋಣಿಚೀಲ ತುರುಕಿ, ಅದರ ಮೇಲೆ ಮಂಡಿಯೂರಿ ಕೂತು, ಒಂದು ಕೈಯಲ್ಲಿ ನೀರು ಮೊಗೆಯುತ್ತಾ ದಡ ಸೇರುವಾಗ ಮುಕ್ಕಾಲು ಗಂಟೆ ಆಗಿತ್ತು. ಲೈಫ್ ಜಾಕೆಟ್ ಹಾಕಿದ್ದೆ, ಅದೊಂದೇ ಧೈರ್ಯ. ಈಗ ನಮ್ಮೂರ ಕೆರೆಯಲ್ಲೂ ಅದನ್ನು ಹಾಕದೆ ತೆಪ್ಪಕ್ಕೆ ಕಾಲಿಡುವುದಿಲ್ಲ. ಈಜು ಬರುತ್ತದೆ ಅನ್ನುವವರು ತಾವರೆ ದಂಟಿನ ನಡುವೆ ಒಮ್ಮೆ ಈಜಿ ನೋಡಿದರೆ ಗೊತ್ತಾಗುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಮಳೆಗಾಲದಲ್ಲಿ ಕುಚ್ಚು ಮರಿ ಮಾಡುತ್ತದೆ. ಕೆಂಪಗಿನ ಮರಿಗಳ ಮುದ್ದೆಯೊಂದು ನೀರಿನ ಮೇಲೆ ಕುದಿಯುತ್ತಾ ಹೋಗುವ ಹಾಗೆ ಕಾಣುತ್ತದೆ, ಕೆಳಗೆ ತಂದೆ ತಾಯಿ ಕಾವಲು. ಆಗ ಅವು ಹತ್ತಿರ ಬಂದ ಯಾವುದಕ್ಕೂ ಬಾಯಿ ಹಾಕುತ್ತವೆ, ಹಿಡಿಯುವುದು ಬಲು ಸುಲಭ. ದಯವಿಟ್ಟು ಆಗ ಹಿಡಿಯಬೇಡಿ. ಕಾವಲು ಹೋದರೆ ಆ ಮುದ್ದೆಯಷ್ಟೂ ಮರಿ ಬೇರೆ ಮೀನಿನ ಪಾಲು. ಕಾರ್ತಿಕದ ಹೊತ್ತಿಗೆ ಮರಿಗಳು ಬೇರೆಯಾಗಿ ತಮ್ಮ ದಾರಿ ಹಿಡಿದಿರುತ್ತವೆ. ನಾನು ಕಾಯುವುದು ಅದಕ್ಕೂ ಹೌದು. ಕೆರೆಯ ಗುತ್ತಿಗೆ ಯಾರದ್ದೋ ಅವರನ್ನು ಕೇಳಿಯೇ ಇಳಿಯುತ್ತೇನೆ, ಮೊಳಕ್ಕಿಂತ ಸಣ್ಣದು ಸಿಕ್ಕರೆ ಬಿಡುತ್ತೇನೆ, ಒಂದು ಸಿಕ್ಕರೆ ಅವತ್ತಿಗೆ ಸಾಕು.

ಹೋದ ಕಾರ್ತಿಕದಲ್ಲಿ ಜೊಂಡಿನ ಮೂಲೆಯಲ್ಲಿ ಒಂದು ಮೀನನ್ನು ಮೂರು ದಿನ ಬರೀ ನೋಡಿದೆ. ಮುರಿದ ಒಂದು ತಾವರೆ ದಂಟಿನ ಎಡಕ್ಕೆ ಉಸಿರಿಗೆ ಬರುತ್ತಿತ್ತು, ಗುಳ್ಳೆ ಯಾವಾಗಲೂ ಜೊಂಡಿನ ಕಡೆಗೆ. ನಾಲ್ಕನೇ ದಿನ 10.20ಕ್ಕೆ ಬಂತು. ನಾನು ಕೈ ಆಡಿಸಲಿಲ್ಲ. 10.29ಕ್ಕೆ ಮತ್ತೆ ಬಂತು. ಅದು ಇಳಿದ ತಕ್ಷಣ ಕಪ್ಪೆಯನ್ನು ಜೊಂಡಿನ ಬದಿಯ ಎಲೆಯ ಮೇಲೆ ಇಟ್ಟೆ, ಹತ್ತು ಎಣಿಸಿ ಜಾರಿಸಿದೆ. ಕಪ್ಪೆಯ ಹಿಂದಿನ ಎಲೆ ನಡುಗಿತು. ಆಮೇಲೆ ಕಪ್ಪೆ ಇರಲಿಲ್ಲ.

ಎರಡೂವರೆ ಕೆಜಿ ತೂಗಿತು. ಮನೆಯಲ್ಲಿ ಬೂದಿ ಹಚ್ಚಿ ಲೋಳೆ ತೆಗೆದು, ವಾಟೆಹುಳಿ, ಸೂಜಿಮೆಣಸು ಹಾಕಿ ಸಾರು ಮಾಡಿದರು, ಜೊತೆಗೆ ಕಡುಬು. ಒಂದು ಪಾತ್ರೆ ಅಜ್ಜನ ಮನೆಗೆ ತೆಗೆದುಕೊಂಡು ಹೋದೆ. ಅವರಿಗೆ ಈಗ ಕಣ್ಣು ಮಂಜು, ತೆಪ್ಪಕ್ಕೆ ಬರುವುದಿಲ್ಲ. ಮುಚ್ಚಳ ತೆಗೆಯುವ ಮೊದಲೇ ಕೇಳಿದರು: ‘ಎಷ್ಟು ಹೊತ್ತಿಗೆ ಉಸಿರಾಡ್ತಿತ್ತು ತಮ್ಮಾ?’

‘ಒಂಬತ್ತು ನಿಮಿಷ ಅಜ್ಜಾ’ ಅಂದೆ.

‘ನೀರು ಇನ್ನೂ ಅಷ್ಟು ತಣಿದಿಲ್ಲ ಹಂಗಾದ್ರೆ’ ಅಂದು, ಕಡುಬು ಮುರಿದರು.