ಬಾಗಿಲಿನ ನೆಗ್ಗು: ಪುಟ್ಟಿ ಬಳಿಯುವ ಮೊದಲು ತಗಡಿನ ಕೆಲಸ

ಕಾರಿನ ಹಿಂದಿನ ಬಾಗಿಲಿಗೆ ಬೈಕಿನ ಹ್ಯಾಂಡಲ್ ಬಡಿದಿತ್ತು. ಅಂಗೈಯಗಲದ ನೆಗ್ಗು, ಸುಮಾರು 8 ಮಿ.ಮೀ. ಆಳ, ನಡುವೆ ಚೂಪಾದ ಮಡಿಕೆ, ಅದರುದ್ದಕ್ಕೂ ಬಣ್ಣ ಒಡೆದಿತ್ತು. ಬಣ್ಣ ಒಡೆಯದಿದ್ದರೆ ಒಳಗಿಂದ ರಾಡ್ ಹಾಕಿ ಒತ್ತಿ ಎತ್ತಿದರೆ ಮುಗಿಯುತ್ತಿತ್ತು. ಇದಕ್ಕೆ ಪೂರ್ತಿ ಟಿಂಕರಿಂಗ್ ಬೇಕಾಯಿತು.

ಗಾಜನ್ನು ಪೂರ್ತಿ ಮೇಲಕ್ಕೇರಿಸಿ, ಆಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ, ಬಾಗಿಲಿನ ಒಳಪ್ಯಾಡ್ ಬಿಚ್ಚಿದೆ. ಈ ಕ್ರಮ ತಪ್ಪಿದರೆ ಪವರ್ ವಿಂಡೋ ಗಾಜು ಕೆಳಗೇ ಉಳಿದು ಕೈಗೆ ಅಡ್ಡ ಬರುತ್ತದೆ.

ನೆಗ್ಗಿನ ನಡುಮಧ್ಯಕ್ಕೆ ಒಳಗಿಂದ ಜೋರಾಗಿ ಹೊಡೆಯಲೇಬಾರದು. ಬಾಗಿಲಿನ ಹೊರತಗಡು ಮುಕ್ಕಾಲು ಮಿ.ಮೀ. ಆಸುಪಾಸಿನ ದಪ್ಪ, ಅಷ್ಟೇ. ಹೊಡೆದಲ್ಲಿ ಹಿಗ್ಗಿ ಗುಬುಟು ಏಳುತ್ತದೆ. ನೆಗ್ಗಿನ ಸುತ್ತ ತಗಡು ಏಣಿನಂತೆ ಎದ್ದಿರುತ್ತದಲ್ಲ, ಒಳಗೆ ಸಿಕ್ಕಿಕೊಂಡ ಭಾಗವನ್ನು ಹಿಡಿದಿಟ್ಟಿರುವುದೇ ಅದು. ಒಳಗಿಂದ ತಗ್ಗಿಗೆ ಡಾಲಿ (ಕೈಯಲ್ಲಿ ಹಿಡಿಯುವ ಉಕ್ಕಿನ ಗಟ್ಟಿ) ಒತ್ತಿ ಹಿಡಿದು, ಹೊರಗೆ ಆ ಏಣಿನ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಅಂಚಿನಿಂದ ನಡುವಿಗೆ ಬಂದೆ. ಸದ್ದು ಕೇಳುತ್ತಿರಬೇಕು. ಏಟು ಡಾಲಿಯ ನೇರಕ್ಕೆ ಬಿದ್ದರೆ ‘ಟಣ್’ ಎನ್ನುತ್ತದೆ, ಅಂದರೆ ತಗಡು ಹಿಗ್ಗುತ್ತಿದೆ. ಪಕ್ಕಕ್ಕೆ ಬಿದ್ದರೆ ಸದ್ದು ಮಂದ. ನನಗೆ ಬೇಕಾದದ್ದು ಈ ಮಂದ ಸದ್ದು.

ಏರಿಳಿತ ಕಣ್ಣಿಗಿಂತ ಅಂಗೈಗೆ ಚೆನ್ನಾಗಿ ತಿಳಿಯುತ್ತದೆ. ತೆಳು ಬಟ್ಟೆ ಇಟ್ಟು, ಪೂರ್ತಿ ಅಂಗೈ ಊರಿ, ಉದ್ದಕ್ಕೆ ಸವರಿ ನೋಡಿ. ಒತ್ತಿದಾಗ ‘ಟಕ್’ ಎಂದು ಒಳಹೋಗಿ ಮತ್ತೆ ಹೊರಬಂದರೆ ತಗಡು ಹಿಗ್ಗಿದೆ ಎಂದೇ ಅರ್ಥ. ಅದರ ಮೇಲೆ ತಗ್ಗು ತುಂಬಲು ಹಾಕಿದ ಪುಟ್ಟಿ ಬಿರುಕು ಬಿಡುತ್ತದೆ. ಅಲ್ಲಿ ಗ್ಯಾಸ್ ಟಾರ್ಚಿನ ಉರಿಯಿಂದ ಸಣ್ಣ ನಾಣ್ಯದಷ್ಟೇ ಜಾಗ ಕೆಂಪಾಗಿಸಿ, ತಟ್ಟಿ, ಒದ್ದೆಬಟ್ಟೆ ಇಟ್ಟು ಕುಗ್ಗಿಸಿದೆ. ಒಳಬದಿಯ ಡಾಂಬರು ಶೀಟನ್ನು ಮೊದಲೇ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಹೊತ್ತಿಕೊಳ್ಳುತ್ತದೆ.

ಉಳಿದ ತಗ್ಗು 2 ಮಿ.ಮೀ. ಒಳಗೆ ಬಂದ ಮೇಲೆಯೇ ಪುಟ್ಟಿ. 80 ನಂಬರ್ ಉಜ್ಜುಪೇಪರಿನಲ್ಲಿ ಬಣ್ಣ ಉಜ್ಜಿ ತಗಡು ಕಾಣಿಸಿ, 100 ಗ್ರಾಂ ಪುಟ್ಟಿಗೆ 2–3 ಗ್ರಾಂ ಹಾರ್ಡನರ್ ಕಲಸಿದೆ. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚಿಸಿದರೆ ಮುಂದೆ ಬಣ್ಣದ ಮೇಲೆ ಕಲೆ ಏಳುತ್ತದೆ; ಕಡಿಮೆಯಾದರೆ ಪುಟ್ಟಿ ಮೆತ್ತಗುಳಿದು ಪೇಪರಿಗೆ ಅಂಟುತ್ತದೆ. ಒಮ್ಮೆಗೇ ದಪ್ಪಗೆ ಬಳಿಯದೆ, ಒತ್ತಿ ಎಳೆದು ಎರಡು ತೆಳು ಪದರ ಹಾಕಿದೆ. ಆಮೇಲೆ ಬ್ಲಾಕ್ ಹಿಡಿದು 80, 180, 320ರಲ್ಲಿ ಉಜ್ಜಿದ್ದು, ಎಲ್ಲವೂ ನೀರು ತಾಕಿಸದೆಯೇ. ಪುಟ್ಟಿ ನೀರು ಕುಡಿಯುತ್ತದೆ. ಆ ನೀರೇ ಮುಂದೆ ಬಣ್ಣದಡಿಯಲ್ಲಿ ಗುಳ್ಳೆಯಾಗುತ್ತದೆ.

ಪ್ರೈಮರ್ ಎರಡು ಕೋಟ್. ಅದು ಚೆನ್ನಾಗಿ ಒಣಗಿದ ಮೇಲೆ 600ರ ವಾಟರ್ ಪೇಪರ್. ಸಿಲ್ವರ್‌ನಂಥ ಮೆಟಾಲಿಕ್ ಬಣ್ಣವನ್ನು ತೇಪೆಯಷ್ಟೇ ಜಾಗಕ್ಕೆ ಹೊಡೆದರೆ ಎದ್ದು ಕಾಣುತ್ತದೆ. ಹಾಗಾಗಿ ಬಣ್ಣವನ್ನು ಸುತ್ತಲೂ ಕರಗುವಂತೆ ಹರಡಿ, ಅದರ ಮೇಲಿನ ಪಾರದರ್ಶಕ ಕೋಟ್ ಆದ ಕ್ಲಿಯರನ್ನು ಇಡೀ ಬಾಗಿಲಿಗೆ ಹೊಡೆದೆ. ಹಾರ್ಡನರ್ ಬೆರೆಸುವ ಪ್ರೈಮರ್, ಕ್ಲಿಯರ್ ಎರಡರಲ್ಲೂ ಸಾಮಾನ್ಯವಾಗಿ ಐಸೊಸೈನೇಟ್ ಎಂಬ, ಉಸಿರಿಗೆ ಅಪಾಯಕಾರಿ ರಾಸಾಯನಿಕ ಇರುತ್ತದೆ. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಸ್ಪ್ರೇ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಒಮ್ಮೆ ಅದರ ಅಲರ್ಜಿ ಹತ್ತಿದರೆ ಆಸ್ತಮಾ ಬಿಡದು. ಹೊರಗಿನ ಶುದ್ಧ ಗಾಳಿ ಬರುವ ಮಾಸ್ಕ್ ಇಲ್ಲದಿದ್ದರೆ ಈ ಹಂತವನ್ನು ಪೇಂಟ್ ಬೂತ್ ಇರುವ ಗ್ಯಾರೇಜಿಗೆ ಬಿಡಿ.

ಕಾಯಿಸಿದ ಜಾಗದ ಒಳಮೈಯಲ್ಲಿ ಬಣ್ಣ ಸುಟ್ಟಿರುತ್ತದೆ, ತುಕ್ಕು ಹಿಡಿಯುವುದು ಅಲ್ಲಿಂದಲೇ. ಪ್ಯಾಡ್ ಮುಚ್ಚುವ ಮೊದಲು ಅಲ್ಲಿಗೆ ತುಕ್ಕುನಿರೋಧಕ ವ್ಯಾಕ್ಸ್ ಹೊಡೆದು, ಬಾಗಿಲಿನ ತಳದ ನೀರುಕಿಂಡಿಗಳು ಕಟ್ಟಿಲ್ಲವೇ ಎಂದು ಕಡ್ಡಿ ಹಾಕಿ ನೋಡಿದೆ.