ಅಡಿಕೆ ಕಾಯಲು ನಾವು ಮಾಡಿದ್ದು

ಶಿರಸಿ ಸೀಮೆಯಲ್ಲಿ ಅಡಿಕೆ ಮೂರು ಹಂತದಲ್ಲಿ ಕಳುವಾಗುತ್ತದೆ. ಮರದ ಮೇಲಿನ ಕೊನೆಯನ್ನೇ (ಅಡಿಕೆ ಗೊನೆಯನ್ನೇ) ಕೊಯ್ದುಕೊಂಡು ಹೋಗುತ್ತಾರೆ. ಅಂಗಳದಲ್ಲೋ ಅಟ್ಟದ ಮೇಲೋ ಒಣಗಲು ಹರವಿದ್ದನ್ನು ತುಂಬಿಕೊಳ್ಳುತ್ತಾರೆ. ಇಲ್ಲವೇ ಸುಲಿದು ಕಟ್ಟಿಟ್ಟ ಚೀಲ ಎತ್ತುತ್ತಾರೆ. ಮೊದಲನೆಯದಕ್ಕೆ ಮರ ಹತ್ತಲು ಬರಬೇಕು. ಮೂರನೆಯದಕ್ಕೆ ಬೀಗ ಒಡೆಯಬೇಕು. ನಡುವಿನದಕ್ಕೆ ಏನೂ ಬೇಡ, ಒಂದು ಚೀಲ ಸಾಕು. ಚಾಲಿ (ಸಿಪ್ಪೆ ಸಹಿತ ಒಣಗಿಸಿ ಸುಲಿದ ಬಿಳಿ ಅಡಿಕೆ) ಮಾಡಲು ಹಣ್ಣಡಿಕೆಯನ್ನು 40–45 ದಿನ ಬಿಸಿಲಿಗೆ ಹಾಕಬೇಕಲ್ವಾ? ಅಷ್ಟೂ ದಿನ ವರ್ಷದ ದುಡಿಮೆ ಬಯಲಲ್ಲಿ ಬಿದ್ದಿರುತ್ತದೆ.

ಹುಲೇಕಲ್ ಆಚೆಯ ನಮ್ಮೂರಿನಲ್ಲಿ ಮನೆಗಳು ಒತ್ತಾಗಿಲ್ಲ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟ, ಗದ್ದೆ, ಸೊಪ್ಪಿನ ಬೆಟ್ಟ. ಸುಮಾರು ಮನೆಗಳಲ್ಲಿ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಇಲ್ಲಿರುವುದು ವಯಸ್ಸಾದ ಇಬ್ಬರೇ. ಚಾಲಿಯ ದರ ಕ್ವಿಂಟಲ್‌ಗೆ 40 ಸಾವಿರದ ಆಸುಪಾಸಿಗೆ ಬಂದ ಮೇಲೆ ಕೊಯ್ಲಿನ ಕಾಲ ಬಂತೆಂದರೆ ಯಾರದ್ದಾದರೂ ಅಂಗಳ ಖಾಲಿ ಎಂಬ ಸುದ್ದಿ ಬರತೊಡಗಿತು. ಹಾಗಾಗಿ ಊರವರೇ ಸೇರಿ ಕಾವಲು ಸಮಿತಿ ಮಾಡಿದೆವು. ಓಡಾಟದ ಕೆಲಸ ನನ್ನ ತಲೆಗೆ ಬಂತು.

ಮೊದಲ ಸಭೆಗೆ ಬೀಟ್ ಪೊಲೀಸರನ್ನೂ ಕರೆದಿದ್ದೆವು. 2017ರಲ್ಲಿ ಬೀಟ್ ವ್ಯವಸ್ಥೆ ಹೊಸದಾಗಿ ಮಾಡಿದ ಮೇಲೆ ಪ್ರತಿ ಊರಿಗೂ ಒಬ್ಬ ಪೊಲೀಸರ ಹೊಣೆ ಇದೆ. ಅವರ ಹೆಸರು, ಮೊಬೈಲ್ ನಂಬರ್ ಊರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಸಭೆಯಲ್ಲಿ ಬಂದ ಸಲಹೆ ಕೇಳಿದರೆ ನಗಬೇಕೋ ಹೆದರಬೇಕೋ ತಿಳಿಯುವುದಿಲ್ಲ. ಒಬ್ಬರು ಬೇಲಿಗೆ ಕರೆಂಟ್ ಕೊಡೋಣ ಎಂದರು. ಇನ್ನೊಬ್ಬರು ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ ಕೋವಿ ಹೊರಗೆ ತೆಗೆಯುವ ಮಾತಾಡಿದರು. "ಹೆಗಡೇರೇ, ಆಮೇಲೆ ಜೈಲಿಗೆ ಹೋಗುವವರು ನೀವು, ಕಳ್ಳ ಅಲ್ಲ" ಎಂದರು ಪೊಲೀಸರು. ಕರೆಂಟ್ ಬಿಟ್ಟ ತಂತಿಗೆ ಬೆಳಗಿನ ಜಾವ ಹಾಲು ಕೊಡಲು ಹೋಗುವವನೋ, ದನವೋ ಸಿಕ್ಕಿದರೆ ಗತಿ ಏನು? ಅವೆರಡೂ ಅಲ್ಲಿಗೇ ಮುಗಿಯಿತು.

ಪಾಳಿ ಮೇಲೆ ರಾತ್ರಿ ತಿರುಗುವುದನ್ನು ಮಾತ್ರ ಶುರುಮಾಡಿದೆವು. ಹುರುಪು ಕೊಯ್ಲು ಮುಗಿಯುವವರೆಗೂ ಉಳಿಯಲಿಲ್ಲ. ಹಗಲಿಡೀ ಕೊನೆಕೊಯ್ಲು, ಸಂಜೆ ಸುಲಿಯುವ ಕೆಲಸ ಮಾಡಿದವರು ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಎಷ್ಟು ದಿನ ತಿರುಗಿಯಾರು? ಊರ ಹಿರಿಯರೊಬ್ಬರು ಮೊದಲೇ ಹೇಳಿದ್ದರು, "ತಮಾ, ಯಮ್ಮನೆ ಕಾಯಲೆ ನಾಯಿ ಇದ್ದು" (ತಮ್ಮಾ, ನಮ್ಮನೆ ಕಾಯಲು ನಾಯಿ ಇದೆ) ಅಂತ. ಆ ನಾಯಿಯೂ ಬಿಸ್ಕೆಟ್ಟಿಗೆ ಸುಮ್ಮನಾಗುವ ಜಾತಿ ಎನ್ನುವುದು ಬೇರೆ ಮಾತು.

ನಿಜವಾಗಿ ಕೆಲಸಕ್ಕೆ ಬಂದದ್ದು ಬೀಟ್ ಪೊಲೀಸರು ಕೇಳಿದ ಒಂದು ಪ್ರಶ್ನೆ. "ಕದ್ದವನು ಅಡಿಕೆ ತಿಂದು ಮುಗಿಸುತ್ತಾನಾ? ಎಲ್ಲಿ ಮಾರುತ್ತಾನೆ?" ಸಹಕಾರಿ ಸೊಸೈಟಿಯ ಮಾರಾಟದ ಯಾರ್ಡಿನಲ್ಲಿ ಅಡಿಕೆ ಸದಸ್ಯರ ಹೆಸರಿನ ಮೇಲೆ ಇಳಿಯುತ್ತದೆ. ಅಲ್ಲಿಗೆ ಕದ್ದ ಮಾಲು ತರುವುದು ಕಷ್ಟ. ಅದು ಹೋಗುವುದು ಊರೂರಿಗೆ ಗಾಡಿ ತಂದು, ಸ್ಥಳದಲ್ಲೇ ನಗದು ಕೊಟ್ಟು, ಹಸಿಯೋ ಒಣಗಿದ್ದೋ ಸಿಕ್ಕಿದ್ದನ್ನು ತುಂಬಿಕೊಳ್ಳುವವರ ಕೈಗೆ. ಅವರಲ್ಲಿ ಎಲ್ಲರೂ ಕೆಟ್ಟವರಲ್ಲ. ಆದರೆ ಕೇಳದೆ ಕೊಳ್ಳುವವನೊಬ್ಬ ಇದ್ದರೂ ಕಳ್ಳನಿಗೆ ಸಾಕು.

ನಮ್ಮ ಕಡೆ ಬರುವ ವ್ಯಾಪಾರಿಗಳನ್ನು ಒಬ್ಬೊಬ್ಬರನ್ನಾಗಿ ಕಂಡು ಮಾತಾಡಿದೆವು. ಜಗಳಕ್ಕೆ ಹೋಗಲಿಲ್ಲ. ಕದ್ದದ್ದು ಎಂದು ತಿಳಿದೂ ಮಾಲು ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಶಿಕ್ಷೆ ಇದೆ ಎಂದು ಪೊಲೀಸರೇ ವಿವರಿಸಿದರು. ಕೇಳಿದ್ದು ಇಷ್ಟೇ: ಮಾರುವವರ ಹೆಸರು, ಮನೆ, ಫೋನ್ ನಂಬರ್ ಬರೆದುಕೊಳ್ಳಿ, ಕತ್ತಲಾದ ಮೇಲೆ ಮಾಲು ತುಂಬಬೇಡಿ. ಕೆಲವರು ತಕ್ಷಣ ಒಪ್ಪಿದರು. ಒಬ್ಬರು "ನಾವೇನು ಕಳ್ಳರಾ?" ಎಂದು ಸಿಟ್ಟಾದರು. ಅವರಿಗೆ ಊರಲ್ಲಿ ಯಾರೂ ಅಡಿಕೆ ಕೊಡುವುದಿಲ್ಲ ಎಂದಾದ ಮೇಲೆ ಅವರೂ ಪುಸ್ತಕ ಇಟ್ಟರು.

ಎರಡನೆಯದು ನಮ್ಮ ಕಡೆಯ ಲೆಕ್ಕ. ಕಳುವಾದ ಮೇಲೆ ದೂರು ಕೊಡಲು ಹೋದರೆ ಮೊದಲ ಪ್ರಶ್ನೆ, ಎಷ್ಟು ಹೋಯಿತು? "ಅಂದಾಜು ಒಂದೆರಡು ಚೀಲ ಇರಬಹುದು" ಎಂದರೆ ಕೇಸ್ ಅಲ್ಲೇ ಸಡಿಲವಾಗುತ್ತದೆ. ಮುಂದೆ ಮಾಲು ಸಿಕ್ಕಿದರೂ ಅದು ನಮ್ಮದೇ ಎಂದು ತೋರಿಸುವುದು ಹೇಗೆ? ಅಡಿಕೆಗೇನು ಮುಖ ಇದೆಯಾ? ಅದಕ್ಕೆ ಪ್ರತಿ ಮನೆಯಲ್ಲೂ ಒಂದು ಪಟ್ಟಿ ಪುಸ್ತಕ ಇಟ್ಟೆವು. ಯಾವ ದಿನ ಎಷ್ಟು ಚೀಲ ಕಟ್ಟಿದ್ದು, ತೂಕ ಎಷ್ಟು, ಅಡಿಕೆಯ ಬಗೆ ಯಾವುದು (ಚಾಲಿಯೋ ರಾಶಿಯೋ ಗೋಟೋ), ಅಷ್ಟೇ. ಜೊತೆಗೆ ಮೊಬೈಲಿನಲ್ಲಿ ಫೋಟೊ. ಚೀಲದ ಹೊರಗೆ ಬಣ್ಣದಲ್ಲಿ ಗುರುತು ಹಾಕಿದರೆ ಕಳ್ಳ ಚೀಲ ಬದಲಿಸುತ್ತಾನೆ. ಹಾಗಾಗಿ ಒಳಗೆ, ಅಡಿಕೆಯ ನಡುವೆ, ಮನೆಯ ಗುರುತಿನ ಸಣ್ಣ ಪ್ಲಾಸ್ಟಿಕ್ ಚೀಟಿಗಳನ್ನು ಹಾಕಿದೆವು. ಪೂರ್ತಿ ಸುರಿದು ಹುಡುಕದೆ ಅವು ಸಿಗುವುದಿಲ್ಲ. ಈ ವಿಷಯವನ್ನು ಗುಟ್ಟಾಗಿಯೂ ಇಡಲಿಲ್ಲ, ಬೇಕೆಂದೇ ಎಲ್ಲರಿಗೂ ಹೇಳಿದೆವು.

ಕ್ಯಾಮೆರಾ ಹಾಕಿದ್ದು ಊರೊಳಗೆ ಬರುವ ರಸ್ತೆಯ ತಿರುವಿನಲ್ಲಿ ಮಾತ್ರ. ಮನೆ ಮನೆಗೆ ಹಾಕುವುದು ದುಡ್ಡು ದಂಡ ಎಂಬುದು ನನ್ನ ಅಭಿಪ್ರಾಯ. ಕರೆಂಟ್ ಹೋದರೆ ಅದೂ ಹೋಯಿತು. ತುರ್ತಿಗೆ 112 ಇದೆ, ಅದು ಎಲ್ಲರಿಗೂ ಬಾಯಿಪಾಠ. ಆದರೆ ನೆಟ್‌ವರ್ಕ್ ಇಲ್ಲದ ಕೊಳ್ಳದಲ್ಲಿ ಮೊದಲು ಕೇಳಿಸುವುದು ಪಕ್ಕದ ಮನೆಯವರ 'ಕೂ' ಮಾತ್ರ. ಅದನ್ನೂ ನಿಯಮಕ್ಕೆ ಸೇರಿಸಿದೆವು. ರಾತ್ರಿ ಕೂಗು ಕೇಳಿದರೆ ಎಲ್ಲರೂ ಹೊರಗಿನ ಲೈಟ್ ಹಾಕಿ ತಿರುಗಿ ಕೂಗಬೇಕು.

ಒಂದು ವಿಷಯದಲ್ಲಿ ನಾನು ತುಂಬಾ ಹಠ ಮಾಡಿದೆ. ವಾಟ್ಸಾಪ್ ಗುಂಪಿನಲ್ಲಿ "ಅನುಮಾನದ ವ್ಯಕ್ತಿ" ಎಂದು ಯಾರದ್ದೋ ಫೋಟೊ ಹಾಕುವಂತಿಲ್ಲ. ಗಾಡಿ ನಂಬರ್ ಇದ್ದರೆ ನೇರ ಬೀಟ್ ಪೊಲೀಸರಿಗೆ ಕಳಿಸಿ. 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿ ಜನ ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದರು. ನಮ್ಮಲ್ಲೂ ಹೊರ ರಾಜ್ಯದ ಕೆಲಸಗಾರರು ಇದ್ದಾರೆ, ಪಾತ್ರೆ, ಕಂಬಳಿ ಮಾರುವವರು ಬರುತ್ತಾರೆ. ಭಾಷೆ ಬರದವನೆಲ್ಲ ಕಳ್ಳ ಅಲ್ಲ. ಕಣ್ಣೆದುರೇ ಕದಿಯುವವನನ್ನು ಹಿಡಿದರೂ ಕೈ ಮಾಡುವಂತಿಲ್ಲ. ಕಾನೂನಿನ ಪ್ರಕಾರ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು.

ಹಗಲು ಹೊತ್ತಿನ ಕಣ್ಣು ನಮ್ಮ ಹೆಂಗಸರು. ಚಿನ್ನಕ್ಕೆ ಪಾಲಿಶ್ ಮಾಡಿಕೊಡುತ್ತೇವೆ ಎಂದು ಬರುವವರನ್ನು ಅಂಗಳದಿಂದಲೇ ವಾಪಸ್ ಕಳಿಸುವುದು, ಒಂಟಿ ಹಿರಿಯರ ಮನೆಗೆ ಸಂಜೆ ಒಂದು ಫೋನ್ ಮಾಡುವುದು, ಇವೆಲ್ಲ ಅವರೇ ಶುರುಮಾಡಿದ್ದು. ಯಕ್ಷಗಾನದ ರಾತ್ರಿ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಯಾರು ಮನೆಯಲ್ಲಿ ಉಳಿಯಬೇಕು ಎಂದು ಹಂಚಿಕೊಡುವುದೂ ಅವರೇ. ಈ ವಿಷಯದಲ್ಲಿ ಗಂಡಸರ ಮಾತು ನಡೆಯುವುದಿಲ್ಲ.

ಈಗ ಅಂಗಳದ ಅಡಿಕೆಯ ಬಗ್ಗೆ ಅಷ್ಟು ಭಯ ಇಲ್ಲ. ಕಾಟ ಉಳಿದಿರುವುದು ಕಾಳುಮೆಣಸಿನದ್ದು. ಬಳ್ಳಿಯಿಂದಲೇ ಹಸಿ ಕರೆ (ಮೆಣಸಿನ ಗೊಂಚಲು) ಕಿತ್ತುಕೊಂಡು ಹೋಗುತ್ತಾರೆ, ಅದಕ್ಕೆ ಚೀಟಿ ಹಾಕುವಂತಿಲ್ಲ, ತೂಕವೂ ಗೊತ್ತಿರುವುದಿಲ್ಲ. ಈ ವರ್ಷ ಕೊಯ್ಲಿಗೆ ಮೊದಲು ಹಸಿ ಮೆಣಸು ಕೊಳ್ಳುವವರನ್ನೂ ಸಭೆಗೆ ಕರೆಯುತ್ತಿದ್ದೇವೆ.